ಶಿಫ್ಟ್ ಮುಗಿಯುವ ಹೊತ್ತಿಗೆ ಲಾ ಕಾಲೇಜಿಗೆ ಬೀಗ

ಹಾರೋಹಳ್ಳಿ ಸುತ್ತಿನ ಜಮೀನಿನ ಪಹಣಿ ಓದಿ ಪಳಗಿದವರು ಮೊದಲು ಹೆಸರು ನೋಡುವುದಿಲ್ಲ. 3ನೇ ಕಾಲಂನ ವಿಸ್ತೀರ್ಣ, 9ನೇ ಕಾಲಂನ ಸ್ವಾಧೀನದಾರ, 12ನೇ ಕಾಲಂನ ಬೆಳೆ ಮತ್ತು ಸಾಗುವಳಿದಾರ ಮನೆಯವರಿಗೆ ಬಾಯಿಪಾಠ. ಬೆರಳು ನೇರ ಹೋಗುವುದು 11ನೇ ಕಾಲಂಗೆ. ಇತರ ಹಕ್ಕು ಮತ್ತು ಋಣಗಳ ಕಾಲಂ ಅದು. ಸೊಸೈಟಿಯ ಬೆಳೆಸಾಲ, ದಾಯಾದಿಗಳು ತಂದ ತಡೆಯಾಜ್ಞೆ ಎಲ್ಲ ಅಲ್ಲಿರುತ್ತವೆ. ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿಯ ಕಣ್ಣು ಜಮೀನಿನ ಮೇಲೆ ಬಿದ್ದ ಸುದ್ದಿಯೂ ಸಾಮಾನ್ಯವಾಗಿ ಪಹಣಿಯಲ್ಲಿ ಕಾಣಿಸಿಕೊಳ್ಳುವುದು ಇದೇ ಕಾಲಂನಲ್ಲಿ: ಸೆಕ್ಷನ್ 28(1) ಎಂದು.

ಆ ಒಂದು ಸಾಲಿನ ಹಿಂದಿರುವುದು 1966ರ ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಕಾಯ್ದೆ. 28(1) ಎಂದರೆ ಪ್ರಾಥಮಿಕ ಅಧಿಸೂಚನೆ. 28(2)ರ ನೋಟಿಸು ಕೈಸೇರಿದ ಮೇಲೆ ಆಕ್ಷೇಪಣೆ ಹಾಕಲು 30 ದಿನ. 28(3)ರಲ್ಲಿ ಅಹವಾಲು ಕೇಳುವ ಶಾಸ್ತ್ರ. 28(4)ರ ಅಂತಿಮ ಅಧಿಸೂಚನೆ ಗೆಜೆಟ್‌ನಲ್ಲಿ ಬಂತೆಂದರೆ ಜಮೀನು ಸರ್ಕಾರದ ಪಾಲು. ಪರಿಹಾರದ ಮೊತ್ತಕ್ಕೆ 29(2)ರ ಅಡಿ ಸಮ್ಮತಿ ಕೊಟ್ಟು ಸಹಿ ಹಾಕಿದರೆ ದುಡ್ಡು ಬೇಗ ಬರುತ್ತದೆ. ಆದರೆ ಹೆಚ್ಚು ಪರಿಹಾರ ಕೇಳುವ ಬಾಗಿಲು ಸಾಮಾನ್ಯವಾಗಿ ಅಲ್ಲಿಗೆ ಮುಚ್ಚುತ್ತದೆ. ಒಪ್ಪದಿದ್ದರೆ ಐತೀರ್ಪು, ಆಮೇಲೆ ಸಿವಿಲ್ ಕೋರ್ಟಿಗೆ ರೆಫರೆನ್ಸು, ವರ್ಷಗಟ್ಟಲೆ ವಾಯಿದೆ. ಹಳೆಯ ಭೂಸ್ವಾಧೀನ ಕಾಯ್ದೆಯಲ್ಲಿ ಎರಡು ವರ್ಷದೊಳಗೆ ಐತೀರ್ಪು ಬಾರದಿದ್ದರೆ ಇಡೀ ಪ್ರಕ್ರಿಯೆ ಬಿದ್ದುಹೋಗುತ್ತಿತ್ತು. ಮಂಡಳಿಯ ಕಾಯ್ದೆಯಡಿ ಹೋದ ಜಮೀನಿಗೆ ಆ ರಕ್ಷಣೆ ಇಲ್ಲವೆಂದು ಸುಪ್ರೀಂ ಕೋರ್ಟ್ 2011ರಲ್ಲಿ ಎಂ. ನಾಗಭೂಷಣ ಪ್ರಕರಣದಲ್ಲಿ ಹೇಳಿಬಿಟ್ಟಿತು. ಅದು ನೈಸ್ ರಸ್ತೆ ಯೋಜನೆಯ ಪ್ರಕರಣ. ಆದರೆ ಅದರ ಏಟು ತಿಂದವರು ರಾಜ್ಯದ ಎಲ್ಲ ಕೈಗಾರಿಕಾ ಪ್ರದೇಶಗಳ ಅಂಚಿನಲ್ಲೂ ಇದ್ದಾರೆ.

ಇಷ್ಟನ್ನು ಒಂದೇ ಉಸಿರಿಗೆ ಹೇಳಬಲ್ಲ ರೈತರು ಈ ಸೀಮೆಯಲ್ಲಿ ಸಿಗುತ್ತಾರೆ. ಹೇಳಲಾರದ ಕಾನೂನು ಪದವೀಧರರೂ ಧಾರಾಳವಾಗಿ ಸಿಗುತ್ತಾರೆ. ಭೂಕಾನೂನಿನ ಪತ್ರಿಕೆಯನ್ನು ಒಳ್ಳೆಯ ಅಂಕದಲ್ಲೇ ಪಾಸು ಮಾಡಿ, ಪಹಣಿಯನ್ನು ಮೊದಲ ಸಲ ಮುಟ್ಟಿ ನೋಡುವುದು ಸೀನಿಯರ್ ಆಫೀಸಿಗೆ ಸೇರಿದ ಮೇಲೆ. ಕಾನೂನು ಓದಬೇಕೆಂದಿರುವ ಹುಡುಗ ಹುಡುಗಿಯರಿಗೆ ಹಾರೋಹಳ್ಳಿ ಒಳ್ಳೆಯ ಜಾಗ ಎಂದು ನಾನು ಹೇಳುವುದು ಇದೇ ಕಾರಣಕ್ಕೆ. ಪಠ್ಯಕ್ರಮದಲ್ಲಿರುವ ಕಾಯ್ದೆಗಳಲ್ಲಿ ಅರ್ಧಕ್ಕರ್ಧ ಇಲ್ಲಿ ನಡೆದು ಹೋಗುವಷ್ಟು ದೂರದಲ್ಲಿವೆ. ಜಮೀನು ಕಳೆದುಕೊಂಡ ಮನೆ, ಸಸ್ಪೆಂಡ್ ಆದ ಕಾರ್ಮಿಕ, ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಪತ್ರ ತೂಗುಹಾಕಿಕೊಂಡ ಕಾರ್ಖಾನೆ, ಅದರ ನೀರು ಹೋಗುವ ಹಳ್ಳದ ಪಕ್ಕದ ತೋಟ. ಆದರೆ ಈ ಕಾನೂನುಗಳು ಯಾರ ಬದುಕನ್ನು ದಿನವೂ ತಾಗುತ್ತವೋ ಅವರಿಗೇ ಕಾನೂನಿನ ಓದು ದೂರವಾಗುವಂತೆ ನಮ್ಮ ಕಾನೂನು ಶಿಕ್ಷಣ ಕಟ್ಟಿಕೊಂಡಿದೆ.

ಊರಿನ ಲಕ್ಷಣ ಸ್ವಲ್ಪ ಹೇಳಿಬಿಡುತ್ತೇನೆ. ಬೆಂಗಳೂರಿನಿಂದ ಕನಕಪುರ ರಸ್ತೆಯಲ್ಲಿ ಹೊರಟರೆ ಮೆಟ್ರೊ ರೇಷ್ಮೆ ಸಂಸ್ಥೆಯ ಹತ್ತಿರ ನಿಂತುಬಿಡುತ್ತದೆ. ಅಲ್ಲಿಂದ ಮುಂದೆ ಬಸ್ಸೇ ಗತಿ. ಕನಕಪುರ ತಾಲ್ಲೂಕಿನ ಹೋಬಳಿಯಾಗಿದ್ದ ಹಾರೋಹಳ್ಳಿ ಈಗ ತಾನೇ ತಾಲ್ಲೂಕು. 2007ರಲ್ಲಿ ಹುಟ್ಟಿದ ರಾಮನಗರ ಜಿಲ್ಲೆ 2025ರಲ್ಲಿ ಬೆಂಗಳೂರು ದಕ್ಷಿಣ ಜಿಲ್ಲೆಯಾಯಿತು. ವಕೀಲರ ಗುಮಾಸ್ತರಿಗೆ ಇದು ವಿಳಾಸದ ಪಾರಾ ತಿದ್ದುವ ಕೆಲಸ, ರಾಜಕಾರಣಿಗಳಿಗೆ ಇನ್ನೇನೋ. ಒಲೆ, ಕುಕ್ಕರಿನಿಂದ ಹಿಡಿದು ಔಷಧ, ರಾಸಾಯನಿಕದವರೆಗೆ ಹಂತ ಹಂತವಾಗಿ ಬೆಳೆದ ಕಾರ್ಖಾನೆಗಳ ಸಾಲು. ಅದೇ ರಸ್ತೆಯ ಬದಿಯಲ್ಲಿ ದೇವರಕಗ್ಗಲಹಳ್ಳಿಯಲ್ಲಿ ದಯಾನಂದ ಸಾಗರ್ ವಿಶ್ವವಿದ್ಯಾಲಯದ ಮುಖ್ಯ ಆವರಣ. ಎಂಜಿನಿಯರಿಂಗ್, ವೈದ್ಯಕೀಯದ ಜೊತೆಗೆ ಕಾನೂನು ವಿಭಾಗವೂ ಆ ವಿಶ್ವವಿದ್ಯಾಲಯದಲ್ಲಿದೆ. ಜಿಲ್ಲಾ ಕೇಂದ್ರ ರಾಮನಗರದಲ್ಲಿ ಸರ್ಕಾರಿ ಕಾನೂನು ಕಾಲೇಜು. ಒಂದು ಕಡೆ ಫೀಸಿನ ಮಾತು ಲಕ್ಷದಲ್ಲಿ, ಇನ್ನೊಂದು ಕಡೆ ಸಾವಿರದಲ್ಲಿ. ಕಾಲೇಜು ಹತ್ತಿರವಿಲ್ಲ ಎಂಬ ಹಳೆಯ ದೂರು ಈಗ ನಡೆಯುವುದಿಲ್ಲ.

ಆ ದೂರು ಒಂದು ಕಾಲಕ್ಕೆ ನಿಜವೇ ಆಗಿತ್ತು. ರಾಮನಗರದ ಪಕ್ಕದ ಲಕ್ಕಪ್ಪನಹಳ್ಳಿಯಲ್ಲಿ 1908ರಲ್ಲಿ ಹುಟ್ಟಿದ ಕೆಂಗಲ್ ಹನುಮಂತಯ್ಯ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಬಿ.ಎ. ಮುಗಿಸಿ, ಕಾನೂನು ಓದಲು ಪುಣೆಗೆ ಹೋಗಬೇಕಾಯಿತು; ಪದವಿ ಪಡೆದದ್ದು 1932ರಲ್ಲಿ. ಬೆಳಗಾವಿಯಲ್ಲಿ ರಾಜಾ ಲಖಮಗೌಡ ಕಾನೂನು ಕಾಲೇಜು ಶುರುವಾದದ್ದು 1939ರಲ್ಲಿ, ಬೆಂಗಳೂರಿನ ಸರ್ಕಾರಿ ಕಾನೂನು ಕಾಲೇಜು 1948ರಲ್ಲಿ. ಅಲ್ಲಿಯವರೆಗೆ ಹಳೇ ಮೈಸೂರಿನ ಹುಡುಗರಿಗೆ ಪುಣೆ, ಬೊಂಬಾಯಿ, ಮದ್ರಾಸು. ಮನೆಯಲ್ಲಿ ಅಷ್ಟು ಚೈತನ್ಯವಿದ್ದವರು ಹೋದರು, ಇಲ್ಲದವರು ಕೋರ್ಟಿನ ಮುಂದೆ ಅರ್ಜಿ ಬರೆಯುವವರಾದರು. ಆಮೇಲೆ 1980ರ ದಶಕದ ಕೊನೆಯಲ್ಲಿ ನಾಗರಭಾವಿಯಲ್ಲಿ ಎನ್.ಆರ್. ಮಾಧವ ಮೆನನ್ ನ್ಯಾಷನಲ್ ಲಾ ಸ್ಕೂಲ್ ಕಟ್ಟಿ, ಪಿಯುಸಿ ಮುಗಿಸಿದ ಕೂಡಲೇ ಸೇರುವ ಐದು ವರ್ಷದ ಕೋರ್ಸಿಗೆ ದೇಶಮಟ್ಟದ ಮರ್ಯಾದೆ ತಂದರು. ಇವತ್ತು ಎರಡು ದಾರಿಗಳೂ ಇವೆ: ಪಿಯುಸಿ ಆದ ಮೇಲೆ ಐದು ವರ್ಷ, ಹತ್ತು ಸೆಮಿಸ್ಟರ್, ಪದವಿ ಆದ ಮೇಲೆ ಮೂರು ವರ್ಷ, ಆರು ಸೆಮಿಸ್ಟರ್. ಸಾಮಾನ್ಯ ವರ್ಗಕ್ಕೆ ಶೇ 45, ಹಿಂದುಳಿದ ವರ್ಗಕ್ಕೆ 42, ಪರಿಶಿಷ್ಟರಿಗೆ 40 ಅಂಕ ಸಾಕು. ರಾಜ್ಯದ ಬಹುತೇಕ ಕಾಲೇಜುಗಳು 2009ರಲ್ಲಿ ಹುಬ್ಬಳ್ಳಿಯಲ್ಲಿ ಸ್ಥಾಪನೆಯಾದ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯದ ಅಧೀನ.

ಐದೋ ಮೂರೋ ಎಂದು ಕೇಳುವವರಿಗೆ ನನ್ನ ಉತ್ತರ ಸ್ವಲ್ಪ ಒರಟು. ಹದಿನೆಂಟಕ್ಕೇ ವಕೀಲಿಕೆ ಎಂದು ಖಾತ್ರಿಯಾದವರು ಐದಕ್ಕೆ ಹೋಗಲಿ, ಒಂದು ವರ್ಷ ಉಳಿಯುತ್ತದೆ. ಉಳಿದವರು ಬಿ.ಕಾಂ., ಬಿ.ಎಸ್‌ಸಿ. ಏನಾದರೂ ಮಾಡಿಕೊಂಡು ಬಂದರೆ ನಷ್ಟವೇನಿಲ್ಲ. ಲೆಕ್ಕಪತ್ರ ಓದಲು ಬರುವ ವಕೀಲರು, ರಾಸಾಯನಿಕದ ಹೆಸರು ಕೇಳಿ ಬೆದರದ ವಕೀಲರು ಕೈಗಾರಿಕಾ ಪ್ರದೇಶದ ತಾಲ್ಲೂಕಿನಲ್ಲಿ ಎಷ್ಟಿದ್ದರೂ ಕಡಿಮೆ.

ಇನ್ನು ಶಿಫ್ಟಿನ ವಿಷಯ.

ಹಿಂದೆ ಬೆಂಗಳೂರಿನಲ್ಲಿ ಸಂಜೆ ಲಾ ಕಾಲೇಜುಗಳಿದ್ದವು. ಕಾರ್ಖಾನೆಯ ಕಾರ್ಮಿಕರು, ಬ್ಯಾಂಕಿನ ಗುಮಾಸ್ತರು, ಸಚಿವಾಲಯದ ನೌಕರರು ಕೆಲಸ ಬಿಟ್ಟ ಮೇಲೆ ಊಟದ ಡಬ್ಬಿ ಸಮೇತ ತರಗತಿಗೆ ಬಂದು ಕೂರುತ್ತಿದ್ದರು. ಕಾರ್ಮಿಕ ಸಂಘಗಳ ಒಂದು ತಲೆಮಾರಿನ ಮುಖಂಡರು ಕಾನೂನು ಕಲಿತದ್ದು ಹಾಗೆ. ಅದೇ ಕಾಲೇಜುಗಳಲ್ಲಿ ಹಾಜರಾತಿ ಪುಸ್ತಕ ತನ್ನಷ್ಟಕ್ಕೆ ತುಂಬಿಕೊಳ್ಳುತ್ತಿತ್ತು, ಮೇಷ್ಟರೂ ಬರುತ್ತಿರಲಿಲ್ಲ ಎಂಬ ಮಾತಿನಲ್ಲೂ ಸುಳ್ಳಿಲ್ಲ. ಭಾರತೀಯ ವಕೀಲರ ಪರಿಷತ್ತು 2008ರ ಕಾನೂನು ಶಿಕ್ಷಣ ನಿಯಮಗಳಲ್ಲಿ ಇದಕ್ಕೆ ಕೊಟ್ಟ ಮದ್ದು ಬಲವಾದದ್ದು. ಕೋರ್ಸು ಪೂರ್ಣಾವಧಿಯದೇ ಆಗಿರಬೇಕು, ತರಗತಿ ಬೆಳಗ್ಗೆ 8ರಿಂದ ಸಂಜೆ 7ರ ಒಳಗೆ ನಡೆಯಬೇಕು, ವಾರಕ್ಕೆ 30 ಗಂಟೆ ಪಾಠ, ಶೇ 70 ಹಾಜರಾತಿ. 2024ರ ಸೆಪ್ಟೆಂಬರಿನ ಸುತ್ತೋಲೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು: ಬೆರಳಚ್ಚಿನ ಹಾಜರಿ, ತರಗತಿಯಲ್ಲಿ ಕ್ಯಾಮೆರಾ, ಮತ್ತು ಎಲ್ಲಾದರೂ ನೌಕರಿಯಲ್ಲಿದ್ದೀರಾ ಎಂಬುದರ ಬಗ್ಗೆ ವಿದ್ಯಾರ್ಥಿಯಿಂದಲೇ ಘೋಷಣೆ.

ಈಗ ಮೂರು ಪಾಳಿಯ ಕಾರ್ಖಾನೆಯೊಂದರ ಕಾರ್ಮಿಕನ ಲೆಕ್ಕ ಹಾಕೋಣ. ಮೊದಲ ಪಾಳಿ ಬೆಳಗ್ಗೆ 6ರಿಂದ 2, ಎರಡನೆಯದು 2ರಿಂದ ರಾತ್ರಿ 10, ಮೂರನೆಯದು 10ರಿಂದ ಬೆಳಗ್ಗೆ 6. ವಾರಕ್ಕೊಮ್ಮೆ ಪಾಳಿ ಬದಲು. ಕಾಲೇಜು ಬೆಳಗ್ಗೆ 8ರಿಂದ ಮಧ್ಯಾಹ್ನದವರೆಗೆ ಎಂದಿಟ್ಟುಕೊಳ್ಳಿ. ಎರಡನೇ ಪಾಳಿಯ ವಾರದಲ್ಲಿ ಹೇಗೋ ಓಡಿಬರಬಹುದು. ಮೂರನೇ ಪಾಳಿಯ ವಾರದಲ್ಲಿ ರಾತ್ರಿಯಿಡೀ ಮೆಷಿನ್ ಮುಂದೆ ನಿಂತು, ಮುಖ ತೊಳೆದುಕೊಂಡು ನೇರ ತರಗತಿಗೆ ಹೋಗಿ ಕರಾರು ಕಾಯ್ದೆ ಕೇಳಬೇಕು. ಕೇಳಿದ ಎಂದೇ ಇಟ್ಟುಕೊಳ್ಳಿ. ಮೊದಲ ಪಾಳಿಯ ವಾರ ಪೂರ್ತಿ ಗೈರು. ಮೂರರಲ್ಲಿ ಎರಡು ವಾರ ಎಂದರೆ ಶೇ 66.6. ನಿಯಮದಲ್ಲಿ ಒಂದು ಸಣ್ಣ ಕಿಂಡಿ ಇದೆ: ಯಾವುದೋ ಒಂದು ವಿಷಯದಲ್ಲಿ ಶೇ 65ರವರೆಗೆ ಇಳಿದರೂ, ಎಲ್ಲ ವಿಷಯ ಸೇರಿ ಶೇ 70 ಇದ್ದರೆ ಡೀನ್ ಮನ್ನಿಸಬಹುದು. ನಮ್ಮ ಕಾರ್ಮಿಕನಿಗೆ ಎಲ್ಲ ಸೇರಿಯೂ 70 ಆಗುವುದಿಲ್ಲ. ಒಂದು ದಿನವೂ ಜ್ವರ ಬಾರದೆ, ಒಂದು ಬಸ್ಸೂ ತಪ್ಪದೆ, ಓವರ್‌ಟೈಮ್‌ಗೆ ಒಂದು ಸಲವೂ ಹೂಂ ಅನ್ನದೆ ಇದ್ದರೂ 2008ರ ನಿಯಮದ ಪ್ರಕಾರ ಅವನು ಪರೀಕ್ಷೆಗೆ ಕೂರುವಂತಿಲ್ಲ.

ಗುಣಮಟ್ಟ ಬೇಡವೆಂದು ಯಾರೂ ಹೇಳುವುದಿಲ್ಲ. ಆದರೆ ಕಳ್ಳ ಹಾಜರಾತಿಯನ್ನು ಹಿಡಿಯಲು ಕ್ಯಾಮೆರಾ ಬಂದ ಮೇಲೆ ಸಂಜೆ ತರಗತಿಯನ್ನೇ ಕೊಂದುಹಾಕಬೇಕಾದ ಕಾರಣ ನನಗಂತೂ ಕಾಣುವುದಿಲ್ಲ. ಸಂಜೆ ಆರರಿಂದ ಒಂಬತ್ತು, ವಾರಕ್ಕೆ ಆರು ದಿನ, ಮೂರು ವರ್ಷದ ಬದಲು ನಾಲ್ಕು ವರ್ಷ ಎಂದಿದ್ದರೆ ಯಾರ ಗಂಟು ಹೋಗುತ್ತಿತ್ತು? ಲಂಡನ್ನಿನಲ್ಲೂ ನ್ಯೂಯಾರ್ಕಿನಲ್ಲೂ ಕೆಲಸ ಮಾಡಿಕೊಂಡೇ ಕಾನೂನು ಓದುವವರಿದ್ದಾರೆ. ಅಲ್ಲಿನ ನ್ಯಾಯಾಂಗ ಅದರಿಂದ ಕುಸಿದಿಲ್ಲ. ವಯಸ್ಸಿನ ವಿಚಾರದಲ್ಲಿ ಮಾತ್ರ ಸದ್ಯಕ್ಕೆ ಉಸಿರಾಡಬಹುದು. ಪರಿಷತ್ತು ಹಾಕಲು ಹೊರಟಿದ್ದ 20 ಮತ್ತು 30ರ ಗರಿಷ್ಠ ಮಿತಿಗೆ 2017ರಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. ಹಾಗಾಗಿ ನಲವತ್ತಕ್ಕೆ ಓದಲು ಹೊರಟವರಿಗೆ ಅಡ್ಡ ಬರುವುದು ಜನ್ಮದಿನಾಂಕಕ್ಕಿಂತ ಪಾಳಿಯ ಪಟ್ಟಿ. ದೂರಶಿಕ್ಷಣದಲ್ಲಿ ಪದವಿ ಪಡೆದವರು ಒಂದು ವಿಷಯ ಗಮನಿಸಬೇಕು: ಪಿಯುಸಿ ಮುಗಿಸಿ ಆಮೇಲೆ ದೂರಶಿಕ್ಷಣದ ಪದವಿ ಪಡೆದರೆ ತೊಂದರೆಯಿಲ್ಲ. ಬುಡದ ಅರ್ಹತೆಯೇ ಇಲ್ಲದೆ ಮುಕ್ತ ವಿಶ್ವವಿದ್ಯಾಲಯದಲ್ಲಿ ನೇರ ಪದವಿ ಪಡೆದವರನ್ನು 2008ರ ನಿಯಮ ಒಳಗೆ ಬಿಡುವುದಿಲ್ಲ. ಅಡ್ಮಿಷನ್ ಸಮಯದಲ್ಲಿ ಯಾರೂ ಇದನ್ನು ಹೇಳದೆ, ಕೊನೆಗೆ ವಕೀಲಿಕೆಯ ಸನ್ನದಿಗೆ ಅರ್ಜಿ ಹಾಕಿದಾಗ ಎಡವಿದರೆ ಮೂರು ವರ್ಷ ನೀರಲ್ಲಿ ಹೋಮ.

ಕಾರ್ಮಿಕನೊಬ್ಬ ಕಾನೂನು ಓದಿ ಮಾಡುವುದಾದರೂ ಏನು ಎಂದು ಕೇಳುವವರಿಗೆ ಕೈಗಾರಿಕಾ ವಿವಾದಗಳ ಕಾಯ್ದೆಯ 36ನೇ ಸೆಕ್ಷನ್ ತೋರಿಸಬೇಕು. 2025ರ ನವೆಂಬರಿನವರೆಗೆ ಜಾರಿಯಲ್ಲಿದ್ದ 1947ರ ಈ ಕಾಯ್ದೆಯ ಪ್ರಕಾರ ರಾಜಿ ಸಂಧಾನದ ಅಧಿಕಾರಿಯ ಮುಂದೆ ವಕೀಲರಿಗೆ ಪ್ರವೇಶವೇ ಇರಲಿಲ್ಲ. ಕಾರ್ಮಿಕ ನ್ಯಾಯಾಲಯದಲ್ಲಿ ವಕೀಲರು ನಿಲ್ಲಬೇಕಾದರೆ ಎದುರು ಪಕ್ಷದವರು ಒಪ್ಪಬೇಕಿತ್ತು, ನ್ಯಾಯಾಲಯವೂ ಅನುಮತಿ ಕೊಡಬೇಕಿತ್ತು. ಆದರೆ ನೋಂದಾಯಿತ ಸಂಘದ ಪದಾಧಿಕಾರಿ ಕಾರ್ಮಿಕನ ಪರವಾಗಿ ಹಕ್ಕಿನಿಂದ ನಿಲ್ಲಬಹುದಿತ್ತು. ಆ ಪದಾಧಿಕಾರಿಯೇ ಕಾನೂನು ಓದಿದವನಾದರೆ? ಮಾಲೀಕರ ಸಂಘದ ಪದಾಧಿಕಾರಿಯಾಗಿ ಬಂದ ವಕೀಲನನ್ನು ತಡೆಯಬಹುದೇ ಎಂಬ ಪ್ರಶ್ನೆ ಪಾರಾದೀಪ್ ಬಂದರು ಪ್ರಕರಣದಲ್ಲಿ 1976ರಲ್ಲೇ ಸುಪ್ರೀಂ ಕೋರ್ಟಿನ ಮುಂದೆ ಬಂದಿತ್ತು. ಪದಾಧಿಕಾರಿಯ ಹೈಸಿಯತ್ತಿನಲ್ಲಿ ಬಂದವನಿಗೆ ವಕೀಲನೆಂಬ ಕಾರಣಕ್ಕೆ ಅಡ್ಡಿಯಿಲ್ಲ ಎಂಬುದು ಉತ್ತರ. ಕಂಪನಿಗಳು ಇದನ್ನು ಎಂದೋ ಅರ್ಥಮಾಡಿಕೊಂಡವು. ಮಾನವ ಸಂಪನ್ಮೂಲ ವಿಭಾಗದ ಅಧಿಕಾರಿಗಳಲ್ಲಿ ಎಲ್‌ಎಲ್‌ಬಿ ಮಾಡಿಕೊಂಡವರು ಬೇಕಾದಷ್ಟು. ಮೇಜಿನ ಈ ಬದಿಯಲ್ಲಿ ಕೂರುವವರಿಗೆ ಮಾತ್ರ ಸಂಜೆ ಕಾಲೇಜು ಇಲ್ಲ.

ಆಂತರಿಕ ವಿಚಾರಣೆ, ಅಂದರೆ ಎಲ್ಲರೂ ಎನ್‌ಕ್ವೈರಿ ಎನ್ನುವುದು, ನಡೆಯುವ ರೀತಿ ನೋಡಿದರೆ ಈ ಕೊರತೆ ಎಷ್ಟು ದೊಡ್ಡದು ಎಂದು ತಿಳಿಯುತ್ತದೆ. ಮೊದಲು ಸಸ್ಪೆನ್ಷನ್, ಜೊತೆಗೇ ಚಾರ್ಜ್‌ಶೀಟು. ಚಾರ್ಜ್‌ಶೀಟು ಇಂಗ್ಲಿಷಿನಲ್ಲಿ ಇರುತ್ತದೆ. ಕಾರ್ಮಿಕ ಅದನ್ನು ಹಿಡಿದುಕೊಂಡು ಊರಿನಲ್ಲಿ ಓದಿದವರನ್ನು ಹುಡುಕುವಷ್ಟರಲ್ಲಿ ಉತ್ತರ ಕೊಡುವ ಗಡುವು ಮುಗಿಯುತ್ತದೆ. ಗಾಬರಿಯಲ್ಲಿ ಕ್ಷಮಾಪಣೆ ಪತ್ರ ಬರೆದುಕೊಟ್ಟಿರುತ್ತಾನೆ. ಮುಂದೆ ಕೋರ್ಟಿನಲ್ಲಿ ಅವನ ವಿರುದ್ಧ ಮಂಡಿಸುವ ಮೊದಲ ದಾಖಲೆ ಅದೇ. ಸಸ್ಪೆನ್ಷನ್ನಿನ ಮೊದಲ 90 ದಿನ ಅರ್ಧ ವೇತನ ಜೀವನಾಂಶ ಭತ್ಯೆಯಾಗಿ ಸಿಗಬೇಕು, ಆಮೇಲೆ ಅದು ಏರಬೇಕು ಎಂಬುದು ಅವನಿಗೆ ಗೊತ್ತಿರುವುದಿಲ್ಲ. ವಿಚಾರಣೆಗೆ ಸಹೋದ್ಯೋಗಿಯನ್ನು ಜೊತೆಗೆ ಕರೆದುಕೊಳ್ಳಬಹುದು ಎಂದು ಯಾರೋ ಹೇಳುವಷ್ಟರಲ್ಲಿ ಸಾಕ್ಷಿಗಳ ಹೇಳಿಕೆ ಮುಗಿದಿರುತ್ತದೆ. ಗುತ್ತಿಗೆ ಕಾರ್ಮಿಕನಾಗಿದ್ದರೆ ಇಷ್ಟು ಶಾಸ್ತ್ರವೂ ಇಲ್ಲ. ನಾಳೆಯಿಂದ ಬರಬೇಡ ಎಂದು ಕಂಟ್ರಾಕ್ಟರು ಫೋನಿನಲ್ಲಿ ಹೇಳುತ್ತಾನೆ. 2020ರ ನವೆಂಬರಿನಲ್ಲಿ ಇದೇ ಜಿಲ್ಲೆಯ ಬಿಡದಿಯಲ್ಲಿ ಟೊಯೋಟಾ ಕಿರ್ಲೋಸ್ಕರ್ ಕಾರ್ಖಾನೆಯ ಮುಷ್ಕರ, ಲಾಕೌಟು ತಿಂಗಳುಗಟ್ಟಲೆ ಸುದ್ದಿಯಲ್ಲಿತ್ತು. ಅಲ್ಲಿ ದೊಡ್ಡ ಸಂಘವಿತ್ತು, ಪತ್ರಿಕೆಗಳು ಬರೆದವು. ಇಪ್ಪತ್ತು ಮೂವತ್ತು ಜನರ ಘಟಕಗಳಲ್ಲಿ ನಡೆಯುವುದು ಯಾರ ಕಣ್ಣಿಗೂ ಬೀಳುವುದಿಲ್ಲ.

ಈಗ ಇದೆಲ್ಲವನ್ನೂ ಮತ್ತೆ ಕಲಿಯಬೇಕಾದ ಕಾಲ. 2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದು 1947ರ ಕಾಯ್ದೆಯ ಜಾಗದಲ್ಲಿ ಕೈಗಾರಿಕಾ ಸಂಬಂಧಗಳ ಸಂಹಿತೆ ಕೂತಿದೆ. 2024ರ ಜುಲೈ 1ರಿಂದ ದಂಡ ಸಂಹಿತೆಯ ಬದಲು ಭಾರತೀಯ ನ್ಯಾಯ ಸಂಹಿತೆ. ಹಳೆಯ ಪ್ರಕರಣಗಳು ಹಳೆಯ ಕಾಯ್ದೆಯಲ್ಲೇ ನಡೆಯುವುದರಿಂದ ಇಂದಿನ ವಿದ್ಯಾರ್ಥಿ ಎರಡನ್ನೂ ತಲೆಯಲ್ಲಿಟ್ಟುಕೊಳ್ಳಬೇಕು. ನಲವತ್ತು ವರ್ಷ ಸರ್ವಿಸಿನ ಹಿರಿಯ ವಕೀಲರೂ ಈಗ ಸೆಕ್ಷನ್ ನಂಬರಿಗೆ ಪುಸ್ತಕ ತಿರುವಿ ನೋಡುತ್ತಾರೆ. 302 ಎಂದು ಬಾಯಿಗೆ ಬಂದುಬಿಡುತ್ತದೆ, ಆಮೇಲೆ 103 ಎಂದು ತಿದ್ದಿಕೊಳ್ಳುತ್ತಾರೆ. ಹೊಸಬರಿಗೆ ಇಂಥ ಅವಕಾಶ ಮತ್ತೆ ಬೇಗ ಸಿಗುವುದಿಲ್ಲ: ಗುರುಶಿಷ್ಯರಿಬ್ಬರೂ ಒಂದೇ ಬೆಂಚಿನಲ್ಲಿ ಕೂತಿದ್ದಾರೆ.

ಭಾಷೆಯ ತೊಡಕು ಬೇರೆ. ಪಾಠ ಇಂಗ್ಲಿಷಿನಲ್ಲಿ, ಕಕ್ಷಿದಾರನ ಮಾತು ಕನ್ನಡದಲ್ಲಿ, ತಾಲ್ಲೂಕು ಕಚೇರಿಯ ದಾಖಲೆ ಕಂದಾಯ ಇಲಾಖೆಯ ತನ್ನದೇ ಕನ್ನಡದಲ್ಲಿ. ಸಾಗುವಳಿ ಚೀಟಿ, ಆಕಾರ್‌ಬಂದ್, ಪೋಡಿ, ಇನಾಂ ರದ್ದಿಯಾತಿ ಇವೆಲ್ಲ ಯಾವ ಮೂಟ್ ಕೋರ್ಟ್ ಸ್ಪರ್ಧೆಯಲ್ಲೂ ಬರುವುದಿಲ್ಲ. ರಾಜ್ಯ ಕಾನೂನು ವಿಶ್ವವಿದ್ಯಾಲಯದ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಲು ಅವಕಾಶವಿದೆ. ಅಖಿಲ ಭಾರತ ವಕೀಲರ ಪರೀಕ್ಷೆಯ ಪ್ರಶ್ನೆಪತ್ರಿಕೆಯೂ ಕನ್ನಡದಲ್ಲಿ ಸಿಗುತ್ತದೆ. ಆದರೂ ಕನ್ನಡ ಮಾಧ್ಯಮದಿಂದ ಬಂದವರು ಮೊದಲ ಎರಡು ಸೆಮಿಸ್ಟರ್ ಬಾಯಿ ಬಿಡದೆ ಹಿಂದಿನ ಬೆಂಚಿನಲ್ಲಿ ಕೂರುತ್ತಾರೆ. ಅವರಿಗೆ ನಾನು ಹೇಳುವುದಿಷ್ಟೆ: ತಾಲ್ಲೂಕು ಕೋರ್ಟಿಗೆ ಹೋಗಿ ಒಂದು ದಿನ ಕೂತು ನೋಡಿ. ಪಾಟೀಸವಾಲು ನಡೆಯುವುದು ಕನ್ನಡದಲ್ಲಿ. ಸಾಕ್ಷಿಯ ಬಾಯಿಂದ ಬೇಕಾದ ಮಾತು ಹೊರಡಿಸುವುದು ಗ್ರಾಮ್ಯ ಕನ್ನಡದ ಮೇಲೆ ಹಿಡಿತವಿರುವವರಿಗೇ. ಸಿವಿಲ್ ನ್ಯಾಯಾಧೀಶರ ಮುಖ್ಯ ಪರೀಕ್ಷೆಯಲ್ಲಿ ಅನುವಾದದ ಒಂದು ಪತ್ರಿಕೆಯೇ ಇದೆ, ಕನ್ನಡದಿಂದ ಇಂಗ್ಲಿಷಿಗೆ, ಇಂಗ್ಲಿಷಿನಿಂದ ಕನ್ನಡಕ್ಕೆ. ನಗರದ ಹೆಸರಾಂತ ಕಾಲೇಜುಗಳ ಮಕ್ಕಳು ಬೆವರುವುದು ಅಲ್ಲಿ. ಹೈಕೋರ್ಟಿನ ವ್ಯವಹಾರ ಇಂಗ್ಲಿಷಿನದು, ನಿಜ. ಅದನ್ನು ಕಲಿಯದೆ ಗತಿಯಿಲ್ಲ, ಅದೂ ನಿಜ. ಆದರೆ ಇಂಗ್ಲಿಷನ್ನು ಇಪ್ಪತ್ತೈದರಲ್ಲೂ ಕಲಿಯಬಹುದು, ಪಹಣಿಯ ಕನ್ನಡವನ್ನು ಮನೆಯಲ್ಲಿ ಕೇಳಿ ಬೆಳೆಯದವರಿಗೆ ಅದು ಬರುವುದು ಕಷ್ಟ.

ಕಾಲೇಜು ಆಯ್ಕೆ ಮಾಡುವಾಗ ತಂದೆತಾಯಂದಿರು ಕಟ್ಟಡ ನೋಡುತ್ತಾರೆ, ಪ್ಲೇಸ್‌ಮೆಂಟ್ ಎಷ್ಟು ಎಂದು ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆ ಬೇರೆ. ನಿಯಮದ ಪ್ರಕಾರ ಮೂರು ವರ್ಷದ ಕೋರ್ಸಿನವರು ಒಟ್ಟು 12 ವಾರ, ಐದು ವರ್ಷದವರು 20 ವಾರ ಇಂಟರ್ನ್‌ಶಿಪ್ ಮಾಡಬೇಕು. ಒಂದು ಸಿವಿಲ್, ಒಂದು ಕ್ರಿಮಿನಲ್ ವಿಚಾರಣೆಯನ್ನು ಕೂತು ನೋಡಿ ಡೈರಿ ಬರೆಯಬೇಕು. ಅದಕ್ಕೆ 30 ಅಂಕ. ವಕೀಲರ ಆಫೀಸಿನಲ್ಲಿ ಕಕ್ಷಿದಾರನ ಜೊತೆಗಿನ ಮಾತುಕತೆ ಗಮನಿಸಿ, ಕೇಸಿನ ಕಾಗದ ತಯಾರಾಗುವುದನ್ನು ನೋಡಿ ಬರೆದದ್ದಕ್ಕೆ ಇನ್ನು 30. ಈ ಡೈರಿಗಳನ್ನು ಜೆರಾಕ್ಸ್ ಅಂಗಡಿಯಲ್ಲಿ ಕೊಂಡು ಬೈಂಡ್ ಮಾಡಿಸಿ ಕೊಡುವ ಪದ್ಧತಿ ಎಷ್ಟು ಹರಡಿದೆ ಎಂದರೆ, ಒಂದೇ ಕೊಲೆ ಪ್ರಕರಣವನ್ನು ಇಡೀ ತರಗತಿ ನೋಡಿರುತ್ತದೆ. ಯಾವ ಕಾಲೇಜಿನಲ್ಲಿ ಮೇಷ್ಟರು ಈ ಡೈರಿಯನ್ನು ಓದಿ, ಎದುರು ಕೂರಿಸಿಕೊಂಡು, ಎರಡನೇ ಸಾಕ್ಷಿ ಏನು ಹೇಳಿದ ಹೇಳಪ್ಪ ಎಂದು ಕೇಳುತ್ತಾರೋ ಅದು ಒಳ್ಳೆಯ ಕಾಲೇಜು. ಕಟ್ಟಡ ಹೆಂಚಿನದಾದರೂ ಚಿಂತೆಯಿಲ್ಲ. 2025ರ ಆಗಸ್ಟಿನಲ್ಲಿ ಹೊಸ ಕಾನೂನು ಕಾಲೇಜುಗಳಿಗೆ ಪರಿಷತ್ತು ಮೂರು ವರ್ಷ ತಡೆ ಹಾಕಿದೆ. ಹೀಗಾಗಿ ಇರುವುದರಲ್ಲೇ ಆರಿಸಿಕೊಳ್ಳಬೇಕು.

ದುಡ್ಡಿನ ನಿಜವಾದ ಪರೀಕ್ಷೆ ಶುರುವಾಗುವುದು ಪದವಿ ಮುಗಿದ ಮೇಲೆ. ಸನ್ನದು ಪಡೆಯಲು ರಾಜ್ಯ ವಕೀಲರ ಪರಿಷತ್ತುಗಳು ಸಾವಿರಾರು ರೂಪಾಯಿ ಕಟ್ಟಿಸಿಕೊಳ್ಳುತ್ತಿದ್ದವು. 1961ರ ವಕೀಲರ ಕಾಯ್ದೆ ಹೇಳಿದ್ದು ಸಾಮಾನ್ಯ ವರ್ಗಕ್ಕೆ 750, ಪರಿಶಿಷ್ಟರಿಗೆ 125 ರೂಪಾಯಿ ಮಾತ್ರ. ಅದಕ್ಕಿಂತ ಒಂದು ರೂಪಾಯಿ ಹೆಚ್ಚು ಕೇಳುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2024ರ ಜುಲೈ 30ರಂದು ಗೌರವ್ ಕುಮಾರ್ ಪ್ರಕರಣದಲ್ಲಿ ತೀರ್ಪು ಕೊಟ್ಟಿತು. ನಮ್ಮ ರಾಜ್ಯದಲ್ಲಿ ಐಚ್ಛಿಕ ಎಂಬ ಹೆಸರಿನಲ್ಲಿ ಹೆಚ್ಚಿಗೆ ಪಡೆಯುತ್ತಿದ್ದ ವಿಚಾರ ಮತ್ತೆ ಅಲ್ಲಿಗೆ ಹೋಗಿ, 2025ರ ಆಗಸ್ಟಿನಲ್ಲಿ ಐಚ್ಛಿಕವೂ ಬೇಡ ಎಂದಾಯಿತು. ಸನ್ನದು ತಾತ್ಕಾಲಿಕ, ಎರಡು ವರ್ಷದೊಳಗೆ ಅಖಿಲ ಭಾರತ ವಕೀಲರ ಪರೀಕ್ಷೆ ಪಾಸಾಗಬೇಕು. ನೂರು ಬಹು ಆಯ್ಕೆಯ ಪ್ರಶ್ನೆ, ಮೂರೂವರೆ ಗಂಟೆ, ಟಿಪ್ಪಣಿಯಿಲ್ಲದ ಮೂಲ ಕಾಯ್ದೆಯ ಪುಸ್ತಕ ಒಯ್ಯಬಹುದು, ಪಾಸಾಗಲು 45 (ಪರಿಶಿಷ್ಟರಿಗೆ 40). ಇದನ್ನು ದೊಡ್ಡ ಗುಡ್ಡವೆಂದು ತೋರಿಸಿ ಕೋಚಿಂಗ್ ಮಾರುವವರಿದ್ದಾರೆ. ಪುಸ್ತಕದಲ್ಲಿ ಯಾವ ಸೆಕ್ಷನ್ ಎಲ್ಲಿದೆ ಎಂದು ಬೆರಳಿಗೆ ಗೊತ್ತಿದ್ದರೆ ಕೋಚಿಂಗ್ ಬೇಡ.

ಆಮೇಲಿನ ಎರಡು ಮೂರು ವರ್ಷವೇ ಕಷ್ಟ. ಬೆಳಗ್ಗೆ ಆಫೀಸಿಗೆ ಹೋಗಿ ಫೈಲು ಜೋಡಿಸಬೇಕು, ಹನ್ನೊಂದಕ್ಕೆ ಕೋರ್ಟಿನಲ್ಲಿ ಕೇಸು ಕೂಗಿದಾಗ ಎದ್ದು ನಿಂತು ಸೀನಿಯರ್ ಬರುತ್ತಿದ್ದಾರೆ ಎಂದು ವಾಯಿದೆ ಕೇಳಬೇಕು, ಮಧ್ಯಾಹ್ನ ಕಾಪಿ ವಿಭಾಗದ ಮುಂದೆ ನಿಲ್ಲಬೇಕು. ಸಂಬಳವೆಂದರೆ ಸೀನಿಯರ್ ಜೇಬಿನಿಂದ ಮನಸ್ಸು ಬಂದಾಗ ಬರುವುದು. ಕಿರಿಯರಿಗೆ ತಿಂಗಳಿಗೆ ನಗರದಲ್ಲಿ 20 ಸಾವಿರ, ಗ್ರಾಮಾಂತರದಲ್ಲಿ 15 ಸಾವಿರ ಕೊಡಿ ಎಂದು ಪರಿಷತ್ತು 2024ರ ಅಕ್ಟೋಬರಿನಲ್ಲಿ ಶಿಫಾರಸು ಮಾಡಿದೆ. ಶಿಫಾರಸು ಅಷ್ಟೆ, ಕಡ್ಡಾಯವಲ್ಲ. ತಾಲ್ಲೂಕು ಕೋರ್ಟುಗಳ ಬಹಳಷ್ಟು ಸೀನಿಯರ್‌ಗಳ ಸ್ವಂತ ಸಂಪಾದನೆಯೇ ಅಷ್ಟಿರುವುದಿಲ್ಲ ಎಂಬುದೂ ಮರೆಯುವ ಮಾತಲ್ಲ. ಪರಿಶಿಷ್ಟ ಮತ್ತು ಹಿಂದುಳಿದ ವರ್ಗಗಳ ಕಾನೂನು ಪದವೀಧರರಿಗೆ ತರಬೇತಿಯ ಅವಧಿಯಲ್ಲಿ ರಾಜ್ಯ ಸರ್ಕಾರದ ಇಲಾಖೆಗಳಿಂದ ಮಾಸಿಕ ಶಿಷ್ಯವೇತನವಿದೆ. ಅರ್ಜಿ ಕರೆಯುವುದು ಒಂದು ಸಣ್ಣ ಪತ್ರಿಕಾ ಪ್ರಕಟಣೆಯಲ್ಲಿ, ಬಹಳ ಜನರ ಕಣ್ಣು ತಪ್ಪಿಸಿಕೊಂಡು ಹೋಗುತ್ತದೆ. ಕಂಪನಿಯ ಕೆಲಸ ಬಿಡದೆ ಕರಿಕೋಟು ಹಾಕಿಕೊಳ್ಳುತ್ತೇನೆ ಎನ್ನುವಂತಿಲ್ಲ. ಪೂರ್ಣಾವಧಿ ಸಂಬಳದ ನೌಕರಿಯಲ್ಲಿರುವವರು ವಕೀಲಿಕೆ ಮಾಡಬಾರದು ಎಂಬುದು ಪರಿಷತ್ತಿನ 49ನೇ ನಿಯಮ. ಕಾರ್ಖಾನೆಯ ಕಾನೂನು ಅಧಿಕಾರಿಯಾಗಿ ಸೇರಿದರೂ ಸನ್ನದನ್ನು ಅಮಾನತಿನಲ್ಲಿಡಬೇಕು. ಹಾಗಾಗಿ ಮನೆಯ ಗಾಡಿ ಎಳೆಯುವವರು ನೀವೇ ಆಗಿದ್ದರೆ, ಸೇರುವ ಮೊದಲೇ ಕೋರ್ಸಿನ ಫೀಸಿನ ಜೊತೆಗೆ ಈ ಮೂರು ವರ್ಷದ ಅಕ್ಕಿಬೇಳೆಯ ಲೆಕ್ಕವನ್ನೂ ಬರೆದುಕೊಳ್ಳಬೇಕು.

ಮೂರು ವರ್ಷ ಎಂಬುದಕ್ಕೆ ಈಗ ಇನ್ನೊಂದು ತೂಕ ಬಂದಿದೆ. ಓದು ಮುಗಿದ ಕೂಡಲೇ ನ್ಯಾಯಾಧೀಶರ ಪರೀಕ್ಷೆ ಬರೆಯಬಹುದೆಂದು 2002ರಲ್ಲಿ ಸುಪ್ರೀಂ ಕೋರ್ಟ್ ದಾರಿ ಮಾಡಿಕೊಟ್ಟದ್ದು ನಮ್ಮವರೇ ಆದ ನ್ಯಾಯಮೂರ್ತಿ ಕೆ. ಜಗನ್ನಾಥ ಶೆಟ್ಟಿ ಆಯೋಗದ ವರದಿಯನ್ನು ನೋಡಿ. 2025ರ ಮೇ 20ರಂದು ಅದೇ ಕೋರ್ಟ್ ಹಳೆಯ ಷರತ್ತನ್ನು ಮರಳಿ ತಂದಿತು: ಸಿವಿಲ್ ನ್ಯಾಯಾಧೀಶರಾಗಲು ಕನಿಷ್ಠ ಮೂರು ವರ್ಷದ ವಕೀಲಿಕೆ ಬೇಕು, ಎಣಿಕೆ ತಾತ್ಕಾಲಿಕ ಸನ್ನದಿನ ದಿನದಿಂದ. ಕೋರ್ಟಿನ ವಾಸನೆಯೇ ಇಲ್ಲದೆ ಪೀಠಕ್ಕೆ ಏರುವುದು ಸರಿಯಲ್ಲ ಎಂಬ ಕಾರಣ ಒಪ್ಪುವಂಥದ್ದೇ. ಆದರೆ ಕೂಲಿ ಮಾಡುವ ಮನೆಯ ಮಗಳಿಗೆ ಮೂರು ವರ್ಷ ಹೆಚ್ಚುಕಡಿಮೆ ಬರಿಗೈಯಲ್ಲಿ ದುಡಿದು ಬಾ ಎಂದು ಹೇಳಿದ ಹಾಗೂ ಆಯಿತು. ಸುಲಭವಾಗಿ ಪಾರಾಗುವವರು ಅಪ್ಪನ ಆಫೀಸು ಇರುವವರು.

ಅದೇ ಮೂರು ವರ್ಷ ಇನ್ನೊಂದು ಬಾಗಿಲನ್ನೂ ತೆರೆಯುತ್ತದೆ. ಉಚಿತ ಕಾನೂನು ನೆರವಿನ ಪ್ಯಾನೆಲ್ ವಕೀಲರಾಗಲು ಸಾಮಾನ್ಯವಾಗಿ ಬೇಕಾದ ಅನುಭವ ಮೂರು ವರ್ಷ. 1987ರ ಕಾನೂನು ಸೇವೆಗಳ ಪ್ರಾಧಿಕಾರದ ಕಾಯ್ದೆಯ 12ನೇ ಸೆಕ್ಷನ್ ಯಾರ್‍ಯಾರಿಗೆ ಈ ನೆರವು ಎಂದು ಹೇಳುತ್ತದೆ. ಮಹಿಳೆಯರು, ಮಕ್ಕಳು, ಪರಿಶಿಷ್ಟರು, ಬಂಧನದಲ್ಲಿರುವವರು ಎಂಬುದು ಬಹಳ ಜನಕ್ಕೆ ಗೊತ್ತು. ಅದೇ ಪಟ್ಟಿಯಲ್ಲಿ ಕೈಗಾರಿಕಾ ಕಾರ್ಮಿಕ ಎಂದೂ ಇದೆ, ಆದಾಯದ ಮಿತಿಯಿಲ್ಲದೆ. ಹಾರೋಹಳ್ಳಿಯ ಕಾರ್ಖಾನೆಯಿಂದ ವಜಾ ಆದೇಶ ಹಿಡಿದು ಹೊರಬಂದವನು ಸಾಲ ಮಾಡಿ ವಕೀಲರನ್ನು ಹುಡುಕಬೇಕಾಗಿಲ್ಲ. ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಬಿಳಿ ಹಾಳೆಯಲ್ಲಿ ಅರ್ಜಿ ಬರೆದುಕೊಟ್ಟರೆ, ಇಲ್ಲವೇ 15100ಕ್ಕೆ ಫೋನ್ ಮಾಡಿದರೆ ಸಾಕು. ಕಾರ್ಖಾನೆ ಗೇಟಿನ ನೋಟಿಸ್ ಬೋರ್ಡಿನಲ್ಲಿ ಪಿಎಫ್, ಇಎಸ್‌ಐ ವಿವರದ ಪಕ್ಕ ಈ ನಂಬರನ್ನು ಹಾಕಿದ್ದು ನಾನು ನೋಡಿಲ್ಲ. ಹತ್ತಿರದ ಕಾನೂನು ವಿದ್ಯಾರ್ಥಿಗಳು ಇಂಟರ್ನ್‌ಶಿಪ್‌ನ ಒಂದು ವಾರವನ್ನು ಆ ಕೆಲಸಕ್ಕೆ ಕೊಡಬಹುದು.